ಕೆರೆ ಏರಿಯ ಮೇಲೆ ನಾನು ಕೂರಿಸಿದ ಹುಲಿ

ಪ್ಲಾಸ್ಟಿಕ್ ಹಾಳೆ ಕಾಯುವ ವಾಸನೆ ನನಗೆ ಆಗುವುದಿಲ್ಲ. ಆಧಾರ್ ಕಾರ್ಡನ್ನೋ ಅಂಕಪಟ್ಟಿಯನ್ನೋ ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸಿದಾಗ ಏಳುತ್ತದಲ್ಲ, ಆ ವಾಸನೆ. ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿದ್ದೆ. ದರ್ಶನವಾಯಿತು. ಅಮ್ಮನನ್ನು ನೆರಳಲ್ಲಿ ಕೂರಿಸಿ, ಊರಲ್ಲಿ ಹಂಚುವುದಕ್ಕೆ ಪುರಿ, ಕಡಲೆ, ಬತ್ತಾಸು ತರೋಣವೆಂದು ಅಂಗಡಿ ಸಾಲಿಗೆ ಬಂದೆ. ಅಲ್ಲಿ ಆ ವಾಸನೆ ಬಂತು. ತಿರುಗಿ ನೋಡಿದರೆ ಒಂದು ಫೋಟೊ ಅಂಗಡಿ. ಬಾಗಿಲಿಗೆ ಸಾಲಾಗಿ ದೇವರ ಪಟಗಳನ್ನು ತೂಗುಹಾಕಿದ್ದರು. ನಡುವೆ ಒಂದು ಪಟದಲ್ಲಿ ಕೆರೆ, ಕೆರೆಯ ಏರಿ, ಏರಿಯ ಮೇಲೆ ಮುಂಗಾಲು ಚಾಚಿ ಕೂತ ಹುಲಿ, ಹಿಂದೆ ಹುಣಸೆಮರ.

ಆ ಹುಲಿ ನನ್ನದು. ಅದನ್ನು ಹುಟ್ಟಿಸಿದವನು ನಾನು. ಒಂದು ಶನಿವಾರ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ, ಚಿತ್ರಾನ್ನದ ಡಬ್ಬಿ ಪಕ್ಕಕ್ಕೆ ಸರಿಸಿ, ನಾಲ್ಕು ಪದ ಟೈಪಿಸಿ ಹುಟ್ಟಿಸಿದ್ದೆ. ಅಂಗಡಿಯ ಒಳಗೆ ಯಂತ್ರದ ಮುಂದೆ ಯಾರೋ ನನ್ನ ಕಡೆ ಬೆನ್ನು ಹಾಕಿ ಕೂತಿದ್ದರು. ನಾನು ಅವರನ್ನು ನೋಡಲಿಲ್ಲ, ಹುಲಿಯನ್ನೇ ನೋಡುತ್ತ ನಿಂತೆ. ಅದೂ ನನ್ನನ್ನೇ ನೋಡುತ್ತಿತ್ತು, ಹಾಗೆ ನೋಡಬೇಕೆಂದು ಹೇಳಿದವನೂ ನಾನೇ.

ಎರಡು ವರ್ಷದ ಹಿಂದಿನ ಮಾತು. ಹನೂರಿನಿಂದಾಚೆ, ಬೆಟ್ಟದ ರಸ್ತೆ ಬಿಟ್ಟು ಒಳಕ್ಕೆ ತಿರುಗುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಹನೂರಿನಲ್ಲಿ ಮಹಡಿ ಮೇಲೊಂದು ರೂಮು. ಶನಿವಾರ ಸ್ಕೂಲು ಮುಗಿದರೆ ಬೈಕು ಹತ್ತಿ ಕೊಳ್ಳೇಗಾಲ ದಾಟಿ ಮಾಂಬಳ್ಳಿಗೆ, ಅಮ್ಮನ ಹತ್ತಿರ. ಜೊತೆಗೆ ಮೈಸೂರಿನ ಒಂದು ಪತ್ರಿಕೆಗೆ ಪ್ರತಿ ಶುಕ್ರವಾರ ಮೊಬೈಲು, ಇಂಟರ್‌ನೆಟ್ಟಿನ ಬಗ್ಗೆ ಅಂಕಣ ಬರೆಯುತ್ತಿದ್ದೆ. ಯಾವ ಫೋನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು, ಯಾವ ಆ್ಯಪು ಕಳ್ಳ, ಯಾವುದು ಬರೀ ಸುಳ್ಳ. ಬರಹದ ತಲೆಯ ಮೇಲೆ ಗಲ್ಲಕ್ಕೆ ಕೈಯಿಟ್ಟ ನನ್ನ ಫೋಟೊ. ಸುತ್ತಲಿನ ಊರಿನವರು ನನ್ನನ್ನು ಮೊಬೈಲ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ನಿಜ ಹೇಳುತ್ತೇನೆ, ಆ ಸಾಮಾನುಗಳನ್ನು ಕಂಡರೆ ನನಗೆ ಆಗಲೂ ಮೈ ಉರಿಯುತ್ತಿತ್ತು. ನಿನ್ನೆ ಇದ್ದ ಬಟನ್ನು ಇವತ್ತು ಇರುವುದಿಲ್ಲ. ಏನಾಯಿತು ಅಂದರೆ ಅಪ್‌ಡೇಟ್ ಆಯಿತಂತೆ. ಕೇಳಿದವರು ಯಾರು? ನಾನು ದುಡ್ಡು ಕೊಟ್ಟು ತಂದ ಫೋನು, ನನ್ನನ್ನು ಕೇಳದೆ ತನ್ನ ಮೈ ತಾನೇ ಬದಲಾಯಿಸಿಕೊಳ್ಳುತ್ತದೆ. ಬ್ಯಾಟರಿ ಬಿಚ್ಚಲು ಬರುವುದಿಲ್ಲ. ಚಾರ್ಜರು ಡಬ್ಬಿಯಲ್ಲಿ ಇರುವುದಿಲ್ಲ, ಪರಿಸರದ ಮೇಲಿನ ಪ್ರೀತಿಯಂತೆ. ಅಮ್ಮನ ಜೊತೆ ಮೊಣಕಾಲು ನೋವಿನ ವಿಷಯ ಮಾತಾಡಿ ಫೋನಿಟ್ಟರೆ ಮರುಗಳಿಗೆ ಮೊಣಕಾಲಿನ ಎಣ್ಣೆಯ ಜಾಹೀರಾತು. ಇಷ್ಟೆಲ್ಲ ಆದ ಮೇಲೆ ‘ನಿಮ್ಮ ಅನುಭವ ಹೇಗಿತ್ತು? ಐದು ನಕ್ಷತ್ರ ಕೊಡಿ’ ಎಂದು ಕೈಚಾಚುತ್ತದೆ. ನಾನು ಇದನ್ನೆಲ್ಲ ಬೈದು ಬರೆಯುತ್ತಿದ್ದೆ, ಓದುಗರು ಮೆಚ್ಚುತ್ತಿದ್ದರು. ಬೈಯುತ್ತಲೇ ಮುಂದಿನ ವಾರದ ಹೊಸ ಆ್ಯಪು ಯಾವುದೆಂದು ನಾಲಿಗೆ ಚಾಚಿ ಕಾಯುತ್ತಿದ್ದೆ. ಅದನ್ನು ಮಾತ್ರ ಬರೆಯಲಿಲ್ಲ.

ನಮ್ಮ ಸ್ಕೂಲಿಗೆ ಬೂದಗಟ್ಟೆದೊಡ್ಡಿ ಎಂಬ ಕಾಡಂಚಿನ ಊರಿನಿಂದ ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದರು. ಕೆರೆ ಏರಿಯ ಮೇಲೆ ನಡೆದು, ಲಂಟಾನ ಪೊದೆಗಳ ನಡುವಿನ ಕಾಲುದಾರಿ ಹಿಡಿದರೆ ಅರ್ಧ ಗಂಟೆ. ರಸ್ತೆ ಸುತ್ತಿ ಬಂದರೆ ಅದರ ಮೂರರಷ್ಟು, ಅಲ್ಲಿಗೆ ಬರುವ ಒಂದೇ ಬಸ್ಸು ನಮ್ಮ ಎರಡನೇ ಪೀರಿಯಡ್ ಮುಗಿದ ಮೇಲೆ ಬರುತ್ತಿತ್ತು. ಹತ್ತನೇ ಕ್ಲಾಸಿನ ನಂಜಮಣಿ ಆ ದೊಡ್ಡಿಯ ಹುಡುಗಿ. ಅಪ್ಪ ಮಾದೇಶ ಹುಣಸೆಮರ ಗುತ್ತಿಗೆ ಹಿಡಿಯುತ್ತಿದ್ದ. ತಾಯಿ ತಮಿಳುನಾಡಿನ ಗಡಿಯ ಪಾಲಾರ್ ಕಡೆಯವರು, ಹಾಗಾಗಿ ಮನೆಯಲ್ಲಿ ಅರ್ಧ ತಮಿಳು. ಹುಡುಗಿ ತೀರಾ ಮಾತಿನವಳಲ್ಲ, ಆದರೆ ಬೋರ್ಡಿನ ಮೇಲೆ ನಾನು ಬಾಣದ ಗುರುತು ತಪ್ಪು ಹಾಕಿದರೆ ಕೈ ಎತ್ತುವವಳು ಅವಳೊಬ್ಬಳೇ. ಆ ವರ್ಷ ನಮ್ಮ ಸ್ಕೂಲಿನಿಂದ ಯಾರಾದರೂ ವಿಜ್ಞಾನದಲ್ಲಿ ಪೂರ್ತಿ ಅಂಕ ತೆಗೆಯುವುದಾದರೆ ಅದು ನಂಜಮಣಿಯೇ ಎಂದು ಹೆಡ್‌ಮಾಸ್ಟರೂ ಹೇಳುತ್ತಿದ್ದರು. ಕೊಳ್ಳೇಗಾಲದಲ್ಲಿ ಹಾಸ್ಟೆಲ್ಲು ಹಿಡಿದು ಪಿಯುಸಿ ಓದಬೇಕು ಎಂಬುದು ಅವಳ ಆಸೆ. ಹಾಸ್ಟೆಲ್ ಅರ್ಜಿ ಹೇಗಿರುತ್ತದೆ ಎಂದು ಅರ್ಧವಾರ್ಷಿಕ ಪರೀಕ್ಷೆಗೂ ಮೊದಲೇ ನನ್ನನ್ನು ಕೇಳಿದ್ದಳು.

ದೀಪಾವಳಿ ಕಳೆದಿತ್ತು. ರಾಗಿ ಕೊಯ್ಲಾಗಿ ಜನ ತೆನೆಗಳನ್ನು ಟಾರು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಿದ್ದರು, ಬೈಕಿನ ಚಕ್ರಕ್ಕೆ ರಾಗಿಹುಲ್ಲು ಸುತ್ತಿಕೊಳ್ಳುತ್ತಿತ್ತು. ಬೆಳಗಿನ ಚಳಿಗೆ ಮಕ್ಕಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಿದ್ದರು. ಪದ ಟೈಪಿಸಿದರೆ ಚಿತ್ರ ಬರೆದುಕೊಡುವ ಆ್ಯಪು ಆ ವಾರ ಕನ್ನಡಕ್ಕೂ ಬಂದಿತ್ತು. ಅಂಕಣಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದ್ದರೆ ಸೊಗಸು ಅನ್ನಿಸಿತು. ದೊಡ್ಡಿಯ ಕೆರೆಗೆ ಹೋಗಿ ಒಂದು ಫೋಟೊ ತೆಗೆದೆ. ಸ್ಟಾಫ್ ರೂಮಿಗೆ ಬಂದು ಆ ಫೋಟೊ ಕೊಟ್ಟು ಆ್ಯಪಿಗೆ ಹೇಳಿದೆ: ‘ಈ ಏರಿಯ ಮೇಲೆ ಒಂದು ಹುಲಿ ಕೂರಿಸು, ನನ್ನ ಕಡೆ ನೋಡುತ್ತಿರಲಿ.’

ಉಸಿರು ಎಳೆದು ಬಿಡುವಷ್ಟರಲ್ಲಿ ಬಂತು. ಮೀಸೆಯ ಕೂದಲು ಕೂಡ ಎಣಿಸಬಹುದು. ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಡ್ರಿಲ್ ಮೇಷ್ಟ್ರು ಶಿವಮಲ್ಲು ಬಗ್ಗಿ ನೋಡಿ, ‘ಅಯ್ಯೋ ಸಿವನೇ! ಇದು ದೊಡ್ಡಿ ಕೆರೆ ಅಲ್ವಾ? ನಂಗೂ ಒಂದ್ ಕಳ್ಸಿ ಸಾ’ ಅಂದರು. ಕಳಿಸಿದೆ. ಅಷ್ಟೇ ನಾನು ಮಾಡಿದ್ದು. ಆ ‘ಅಷ್ಟೇ’ ಎಂಬ ಮಾತನ್ನು ಎರಡು ವರ್ಷದಿಂದ ಜಗಿಯುತ್ತಿದ್ದೇನೆ, ನುಂಗಲಾಗಿಲ್ಲ.

ಶಿವಮಲ್ಲು ತಮಾಷೆಗೆಂದು ತಮ್ಮ ಕ್ರಿಕೆಟ್ ಗುಂಪಿಗೆ ಹಾಕಿದರು. ಭಾನುವಾರ ನಾನು ಮಾಂಬಳ್ಳಿಯಲ್ಲಿ ಅಮ್ಮ ಮಾಡಿದ ಅವರೆಕಾಳು ಸಾರು ತಿನ್ನುತ್ತಿರುವಾಗ ಆ ಹುಲಿ ನನ್ನ ಫೋನಿಗೇ ವಾಪಸ್ಸು ಬಂತು. ಒಂದಲ್ಲ, ನಾಲ್ಕು ಗುಂಪಿನಿಂದ. ಯಾವುದೋ ಇಂಟರ್‌ನೆಟ್ ಸುದ್ದಿ ಚಾನೆಲ್ಲಿನ ಮುದ್ರೆ ಅದರ ಮೂಲೆಯಲ್ಲಿ ಕೂತಿತ್ತು. ಹುಲಿಯ ಸುತ್ತ ಕೆಂಪು ಉಂಗುರ, ಅದಕ್ಕೊಂದು ಬಾಣ, ಹುಲಿ ಕಾಣದೆ ಹೋದೀತು ಎಂಬಂತೆ. ‘ಬೂದಗಟ್ಟೆದೊಡ್ಡಿಯಲ್ಲಿ ವ್ಯಾಘ್ರ ಪ್ರತ್ಯಕ್ಷ! ಬೆಚ್ಚಿಬಿದ್ದ ಜನ!’ ಎಂಬ ತಲೆಬರಹ. ಜನ ಇನ್ನೂ ಬೆಚ್ಚಿಬಿದ್ದಿರಲಿಲ್ಲ. ಅದನ್ನು ಓದಿದ ಮೇಲೆ ಬೆಚ್ಚಿಬಿದ್ದರು. ಈ ಚಾನೆಲ್ಲಿನವರ ಬಗ್ಗೆ ನನಗಿರುವ ಸಿಟ್ಟು ಈ ಜನ್ಮದಲ್ಲಿ ತೀರುವುದಿಲ್ಲ. ಮೈಕಿಗೆ ಬಣ್ಣದ ಡಬ್ಬ ಸಿಕ್ಕಿಸಿಕೊಂಡು ಕೆರೆ ಹತ್ತಿರ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮಗೆ ಎಷ್ಟು ಭಯ ಆಗ್ತಾ ಇದೆ?’ ಹುಲಿ ನೋಡಿದಿರಾ ಎಂದು ಒಬ್ಬನೂ ಕೇಳಲಿಲ್ಲ.

ಆದರೆ ಆ ಚಿತ್ರ ಅಷ್ಟು ಬೇಗ ಹರಡಿದ್ದು ಭಯದಿಂದಲ್ಲ. ಬೆಟ್ಟದಿಂದ ಬಂದವರು ಅಲ್ಲಿಂದ ತಂದದ್ದನ್ನು ತಾವೊಬ್ಬರೇ ತಿನ್ನುವುದಿಲ್ಲ, ಒಂದು ಹಿಡಿ ಪುರಿಯಾದರೂ ಸರಿ, ನೆರೆಮನೆಗೆ ಹಂಚಲೇಬೇಕು. ದೊಡ್ಡಿಯವರಿಗೆ ಹುಲಿ ಎಂದರೆ ಬೆಟ್ಟದ ಮಹದೇಶ್ವರನ, ಅವರ ಬಾಯಲ್ಲಿ ಮಾದಪ್ಪನ, ವಾಹನ. ಹಿರಿಯರು ಅದರ ಹೆಸರು ಕೂಡ ಎತ್ತುವುದಿಲ್ಲ, ‘ದೊಡ್ದು’ ಎನ್ನುತ್ತಾರೆ. ಅಂಥದ್ದು ಫೋನಿಗೆ ಬಂದರೆ ಅದು ಪ್ರಸಾದ ಬಂದ ಹಾಗೆ. ಕಣ್ಣಿಗೆ ಒತ್ತಿಕೊಂಡು ಇನ್ನೊಬ್ಬರಿಗೆ ಕಳಿಸಬೇಕು. ಅಳಿಸುವುದಂತೂ ಇಲ್ಲವೇ ಇಲ್ಲ. ನಮ್ಮ ಸ್ಕೂಲಿನ ಅಡುಗೆಯವರ ಫೋನು ತುಂಬಿಹೋಗಿ ಕರೆಗಳೇ ಬರುತ್ತಿರಲಿಲ್ಲ. ಆ ಒಂದು ಚಿತ್ರವೇ ಹದಿನೆಂಟು ಸಲ ಇತ್ತು. ಹದಿನೇಳನ್ನು ಅಳಿಸಿಕೊಡುತ್ತೇನೆ ಅಂದರೆ ಫೋನು ಕಸಿದುಕೊಂಡು, ‘ಯಾವ್ದ ಅಳಿಸ್ತೀರಾ ಸಾ? ಎಲ್ಲಾ ಅವ್ನೇ ಅಲ್ವಾ?’ ಅಂದರು.

ಸೋಮವಾರ ಬೆಳಗ್ಗೆ ದೊಡ್ಡಿಯ ಮಕ್ಕಳಲ್ಲಿ ಅರ್ಧ ಜನ ಬಂದಿರಲಿಲ್ಲ. ನಂಜಮಣಿ ಅಪ್ಪನ ಬೈಕಿನಲ್ಲಿ ರಸ್ತೆ ಸುತ್ತಿ ಬಂದಿದ್ದಳು. ಬೆಳಕಿನ ಪಾಠ ನಡೆಯುತ್ತಿತ್ತು. ಕನ್ನಡಿಯಲ್ಲಿ ಬಲ ಎಡವಾಗುವುದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕ್ಲಾಸಿಗೆ ಪಾಠ ಬೇಕಿರಲಿಲ್ಲ, ಹುಲಿಯದೇ ಗುಸುಗುಸು. ನಂಜಮಣಿ ಕೈ ಎತ್ತಿದಳು.

‘ಏನಮ್ಮಾ?’

ಎದ್ದು ನಿಂತಳು. ‘ಸಾ, ಆ ಫೋಟ ಸರಿಯಿಲ್ಲ ಸಾ. ನಮ್ ಕೆರೆ ತೂಬು ಬಲಗಡೀಕ ಅದೆ. ಅದ್ರಲ್ಲಿ ಎಡುಕ್ಕದೆ. ನಾನು ದಿನಾ ಅದ್ರ್ ಪಕ್ಕದಲ್ಲೇ ಬರದು. ಅದು ನಮ್ ಕೆರೆ ಅಲ್ಲ ಸಾ, ಯಾರೋ ಮಾಡಿರದು.’

ತೂಬು ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಕಂಡಿ, ಅದರ ಗುರುತಿಗೆ ನೀರಂಚಿನಲ್ಲಿ ಎರಡು ಕಲ್ಲುಕಂಬ ನೆಟ್ಟಿರುತ್ತಾರೆ. ಅವಳು ಹೇಳಿದ ಮೇಲೇ ನನಗೂ ಹೊಳೆದದ್ದು. ಹುಲಿಗೆ ಜಾಗ ಮಾಡುವುದಕ್ಕೆ ಆ ದರಿದ್ರ ಆ್ಯಪು ಕಂಬಗಳನ್ನು ಬಲಗಡೆಯಿಂದ ಕಿತ್ತು ಎಡಕ್ಕೆ ನೆಟ್ಟಿತ್ತು. ನೂರಾರು ಜನ ನೋಡಿದ್ದರು, ಯಾರಿಗೂ ಕಂಡಿರಲಿಲ್ಲ. ಇಡೀ ಕ್ಲಾಸು ನನ್ನ ಮುಖ ನೋಡುತ್ತಿತ್ತು. ನಾನು ಆಗ ಹೇಳಬಹುದಿತ್ತು. ಹೌದಮ್ಮಾ, ನೀನು ಹೇಳಿದ್ದು ಸರಿ, ಅದನ್ನು ಮಾಡಿದವನು ನಾನೇ, ಬಾ ಎಲ್ಲರಿಗೂ ತೋರಿಸೋಣ ಅನ್ನಬಹುದಿತ್ತು. ಹೇಳಿದ್ದರೆ ಮಧ್ಯಾಹ್ನದೊಳಗೆ ಊರೆಲ್ಲ ನಗುತ್ತಿತ್ತು, ನನಗೆ ಒಂದು ವಾರ ಮುಖ ಎತ್ತಲು ಆಗುತ್ತಿರಲಿಲ್ಲ, ಅಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಪತ್ರಿಕೆಯಲ್ಲಿನ ನನ್ನ ಫೋಟೊ. ಗಲ್ಲಕ್ಕೆ ಕೈಯಿಟ್ಟವನು.

‘ಅದೆಲ್ಲ ನಮಗ್ಯಾಕೆ? ಕೂತ್ಕೊ. ಪಾಠ ಕೇಳು’ ಅಂದೆ.

ಕೂತಳು. ಅದೇ ಅವಳು ಕ್ಲಾಸಿಗೆ ಬಂದ ಕಡೆಯ ದಿನ.

ಮೂರು ದಿನದ ಭಯ ತಾನಾಗಿ ಇಳಿಯುತ್ತಿತ್ತೇನೋ. ಅರಣ್ಯದವರು ಬಂದು ಏರಿಯುದ್ದಕ್ಕೂ ನೋಡಿ ಹೆಜ್ಜೆ ಗುರುತಿಲ್ಲ ಅಂದರು. ಅವರು ಯಾವಾಗಲೂ ಹಾಗೇ ಅನ್ನುವುದು ಎಂದು ಜನ ನಂಬಲಿಲ್ಲ. ಗುರುತಿಲ್ಲ ಎಂಬುದೇ ದೊಡ್ಡದಾಯಿತು. ಹೆಜ್ಜೆ ಇಡದೆ ಬಂದು ಕೂತಿದೆ ಅಂದರೆ ಅದು ಕಾಡಿನದಲ್ಲ, ಮಾದಪ್ಪನ ವಾಹನವೇ ಸೈ. ಹುಣಸೆಮರದ ಬುಡಕ್ಕೆ ಅರಿಸಿನ ಕುಂಕುಮ ಬಿತ್ತು. ಊರಿನ ಹಿರಿಯರು ಕೂತು ಮಾತಾಡಿದರು. ಅವನ ವಾಹನ ಕೂತ ಜಾಗದಲ್ಲಿ ದೊಡ್ಡವರಾದ ಹೆಣ್ಣುಮಕ್ಕಳು ಎಲ್ಲ ದಿನವೂ ತಿರುಗಾಡುವಂತಿಲ್ಲ, ಮೈಲಿಗೆಯಾಗುತ್ತದೆ ಅಂದರು. ಯಾವ ದಿನ ಸರಿ, ಯಾವ ದಿನ ತಪ್ಪು ಎಂದು ಲೆಕ್ಕ ಇಡುವವರು ಯಾರು? ಏರಿಯ ದಾರಿಯೇ ಬೇಡ ಎಂದು ತೀರ್ಮಾನವಾಯಿತು. ಗಂಡುಹುಡುಗರು ಎಂದಿನಂತೆ ಏರಿಯ ಮೇಲೆ ಸೈಕಲ್ ಬಿಟ್ಟುಕೊಂಡು ಬರುತ್ತಿದ್ದರು. ಹುಡುಗಿಯರು ಐದು ಜನ. ನಾಲ್ವರು ಸ್ಕೂಲಿನ ಹತ್ತಿರದ ನೆಂಟರ ಮನೆಗಳಲ್ಲಿ ಉಳಿದುಕೊಂಡರು. ನಂಜಮಣಿಗೆ ಅಲ್ಲಿ ನೆಂಟರಿರಲಿಲ್ಲ, ಕೆಲಸ ಬಿಟ್ಟು ದಿನಾ ಬೈಕಿನಲ್ಲಿ ಬಿಟ್ಟುಹೋಗುವುದು ಮಾದೇಶನಿಗೆ ಆಗುವಂತಿರಲಿಲ್ಲ.

ಆ ಶುಕ್ರವಾರ ನಾನು ಏನು ಮಾಡಿದೆ ಗೊತ್ತೆ? ಅಂಕಣ ಬರೆದೆ. ‘ನಕಲಿ ಚಿತ್ರ ಕಂಡುಹಿಡಿಯುವುದು ಹೇಗೆ?’ ಮೊದಲನೇ ಸೂಚನೆಯೇ ಇದು: ಪ್ರಾಣಿಯನ್ನು ನೋಡಬೇಡಿ, ಹಿನ್ನೆಲೆ ನೋಡಿ, ಕೆರೆಯ ತೂಬು ಅದರ ಜಾಗದಲ್ಲಿದೆಯೇ ಗಮನಿಸಿ. ಆ ಹುಡುಗಿಯ ಮಾತನ್ನು ಕದ್ದು ನನ್ನ ಫೋಟೊದ ಕೆಳಗೆ ಹಾಕಿಕೊಂಡೆ. ಚಿತ್ರ ಮಾಡಿದವರು ಯಾರು ಎಂಬ ಪ್ರಶ್ನೆ ಬಂದಲ್ಲಿ ‘ಯಾರೋ ಕಿಡಿಗೇಡಿಗಳು’ ಎಂದು ಬರೆದೆ. ಸಂಪಾದಕರು ಫೋನು ಮಾಡಿ ಇಂಥದ್ದು ಬೇಕಿತ್ತು ಅಂದರು. ಶಿವಮಲ್ಲು ಮಾತ್ರ ಪತ್ರಿಕೆ ಮಡಚಿ ಮೇಜಿನ ಮೇಲಿಟ್ಟು, ‘ಕಿಡಿಗೇಡಿಗಳು ಇಬ್ರೂ ಇಲ್ಲೇ ಟೀ ಕುಡೀತಾ ಕುಂತವ್ರೆ ಸಾ’ ಅಂದು ಗ್ರೌಂಡಿಗೆ ಎದ್ದುಹೋದರು.

ಸಂಕ್ರಾಂತಿ ಬಂದು ಹೋಯಿತು. ಮಧ್ಯಾಹ್ನಗಳು ಸುಡತೊಡಗಿದವು, ಲಂಟಾನ ಒಣಗಿ ಕಡ್ಡಿಯಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನಾ ಸೊನ್ನೆ ಬರೆಯುವುದು ನನ್ನ ಕೈಲಾಗಲಿಲ್ಲ. ಒಂದು ಭಾನುವಾರ ಮಾಂಬಳ್ಳಿಗೆ ಹೋಗದೆ ದೊಡ್ಡಿಗೆ ಹೋದೆ. ಬರ್ತೀರಾ ಎಂದು ಶಿವಮಲ್ಲುವನ್ನು ಕೇಳಿದರೆ, ‘ನಾನ್ ಅದೇ ಸೀಮೆಯವ್ನು ಸಾ, ನಾಳೆ ಆ ಊರಲ್ಲಿ ತಿರುಗಾಡ್ಬೇಕು’ ಅಂದರು.

ಮನೆಯ ಮುಂದೆ ಹುಣಸೆಹಣ್ಣು ಗುಡ್ಡೆ ಬಿದ್ದಿತ್ತು. ನಂಜಮಣಿ, ಅವಳ ಅಜ್ಜಿ ಪುಟ್ಟಮಾದಮ್ಮ ಕಲ್ಲಿನ ಮೇಲೆ ಕುಟ್ಟಿ ಬೀಜ ಬಿಡಿಸುತ್ತಿದ್ದರು. ನನ್ನನ್ನು ಕಂಡು ಹುಡುಗಿ ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಬೆರಳುಗಳಿಗೆ ಹುಣಸೆ ಅಂಟಿ ಕಪ್ಪಾಗಿದ್ದವು. ಮಾದೇಶ ಚಾಪೆ ಹಾಸಿದ. ಗೋಡೆಯ ಮೇಲೆ, ದೇವರ ಪಟಗಳ ಪಕ್ಕದಲ್ಲಿ, ಹನೂರಿನಲ್ಲಿ ಪ್ರಿಂಟು ಹಾಕಿಸಿದ ನನ್ನ ಹುಲಿ ಹೂ ಮುಡಿದು ಕೂತಿತ್ತು.

ಸುತ್ತಿಬಳಸಿ ಹೇಳುವ ಶಕ್ತಿ ನನಗಿರಲಿಲ್ಲ. ‘ಮಾದೇಶಣ್ಣ, ಆ ಚಿತ್ರ ನಿಜದ್ದಲ್ಲ. ನಾನೇ ಮಾಡಿದ್ದು, ಈ ಫೋನಿನಲ್ಲಿ. ಅಲ್ಲಿ ಯಾವ ಹುಲಿಯೂ ಬಂದಿಲ್ಲ. ಮಗಳನ್ನು ಸ್ಕೂಲಿಗೆ ಕಳಿಸು’ ಅಂದೆ.

ಮಾದೇಶ ನನ್ನ ಮುಖವನ್ನೇ ನೋಡಿದ. ಅಜ್ಜಿ ಮಾತ್ರ ನಕ್ಕಿತು. ‘ನೀವಾ? ನೀವ್ ಎಲ್ ಮಾಡೀರಿ ನನ್ನಪ್ಪಾ. ಅವ್ನು ನಿಮ್ ಕೈಲಿ ಮಾಡ್ಸವ್ನೆ.’

ತೋರಿಸುತ್ತೇನೆ ಎಂದು ಎದ್ದೆ. ಮೊಬೈಲ್ ಮೇಷ್ಟ್ರಲ್ಲವೆ, ಮಾತಿಗಿಂತ ಡೆಮೊ ಮೇಲೆ ನಂಬಿಕೆ. ಅಂಗಳದ ಫೋಟೊ ತೆಗೆದೆ. ಹುಣಸೆಗುಡ್ಡೆ, ಒರಳುಕಲ್ಲು, ಕಟ್ಟಿದ ಮೇಕೆ ಎಲ್ಲ ಬರುವ ಹಾಗೆ. ಬೇರೆ ದಿನ ಆ ಊರಿನಲ್ಲಿ ಕರೆ ಮಾಡಲು ಮರ ಹತ್ತಬೇಕು. ಅಂದು ಯಾವ ಜನ್ಮದ ಸೇಡೋ, ಸಿಗ್ನಲ್ಲು ತುಂಬಿ ತುಳುಕುತ್ತಿತ್ತು. ‘ಒರಳುಕಲ್ಲಿನ ಪಕ್ಕ ಒಂದು ಹುಲಿ ಕೂರಿಸು’ ಎಂದು ಹೇಳಿದೆ. ಕೂರಿಸಿತು. ‘ನೋಡಿ, ಎಲ್ಲರ ಎದುರಿಗೇ ಮಾಡಿದೆ. ಒರಳುಕಲ್ಲಿನ ಹತ್ತಿರ ಹುಲಿ ಇದೆಯಾ? ಇಲ್ಲ ತಾನೆ? ಅದೂ ಹೀಗೆಯೇ’ ಎಂದು ಫೋನನ್ನು ಅಜ್ಜಿಯ ಕೈಗೆ ಕೊಟ್ಟೆ.

ಪುಟ್ಟಮಾದಮ್ಮ ಫೋನನ್ನು ನೋಡಿತು. ಅಂಗಳ ನೋಡಿತು. ಮತ್ತೆ ಫೋನು ನೋಡಿತು. ಮಂಡಿಯೂರಿ ಎದ್ದು, ಸೆರಗು ತಲೆಗೆಳೆದುಕೊಂಡು, ಒರಳುಕಲ್ಲಿನ ಕಡೆಗೆ ತಿರುಗಿ ಕೈಮುಗಿಯಿತು. ‘ಮನೆ ಬಾಗ್ಲಿಗೇ ಬಂದ್ಬುಟ್ಟಲ್ಲೋ ನನ್ನಪ್ಪಾ! ಉಘೇ ಮಾದಪ್ಪಾ!’ ಎಂದು ಒರಳಿನ ಪಕ್ಕದ ನೆಲಕ್ಕೆ ಅಡ್ಡಬಿತ್ತು. ‘ಲೇ ಮಾದೇಸ, ಆ ಮೇಕೆ ಬಿಚ್ಚಿ ಆ ಕಡೀಕ ಕಟ್ಲಾ. ಅವ್ನ್ ಕುಂತವ್ನೆ.’

ಬಾಗಿಲ ಹಿಂದೆ ನಂಜಮಣಿ ಕಿಸಕ್ಕನೆ ನಕ್ಕಳು. ಎರಡು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಸದ್ದು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ನನಗೂ ನಗು ಬಂತು, ಮಾದೇಶನ ಮುಖ ನೋಡಿದ ಮೇಲೆ ನಿಂತುಹೋಯಿತು. ಅವನು ಮೇಕೆಯ ಹಗ್ಗ ಬಿಚ್ಚುತ್ತ ತಗ್ಗಿದ ದನಿಯಲ್ಲಿ ಹೇಳಿದ: ‘ನಂಗ ಅರ್ಥ ಆಯ್ತದೆ ಸಾ. ನೀವ್ ಮಾಡ್ದೆ ಅಂದ್ರ ಮಾಡಿದ್ರಿ. ಆದ್ರ ಊರ್ನೋರ್ಗ ನಾನ್ ಏನ್ ಯೋಳನ? ನಾಳೆ ಮಳೆ ಬರ್ನಿಲ್ಲ ಅಂದ್ರೂ ನನ್ ಕೂಸಿಂದೇ ಅಂತಾರೆ. ಈಗ ನೋಡಿ, ಮನ್ಗೂ ತಂದ್ ಕುಂಡ್ರುಸ್ಬುಟ್ರಿ.’

ನಾನು ಎದ್ದುಬರುವಷ್ಟರಲ್ಲಿ ಅಕ್ಕಪಕ್ಕದವರು ಒರಳುಕಲ್ಲು ನೋಡಲು ಸೇರಿದ್ದರು. ಹೊರಡುವಾಗ ನನ್ನ ಕೈಗೆ ಪುರಿಯ ಪೊಟ್ಟಣ ಕೊಟ್ಟರು. ಹನೂರಿನವರೆಗೂ ಅದು ಜೇಬಿನಲ್ಲಿ ಚುಚ್ಚುತ್ತಲೇ ಇತ್ತು.

ಹಾಜರಿ ಕಡಿಮೆಯಾದರೂ ಹೆಡ್‌ಮಾಸ್ಟರು ಹೇಗೋ ಮಾಡಿ ಅವಳ ಹಾಲ್ ಟಿಕೆಟ್ಟು ತರಿಸಿದರು. ನನ್ನ ಪೀಡನೆ ತಡೆಯಲಾರದೆ ತರಿಸಿದರು ಎಂದರೆ ಸರಿ. ಅದರಲ್ಲಿ ಎರಡು ಜಡೆ ಹಾಕಿದ ನಂಜಮಣಿಯ ಫೋಟೊ. ಮುದುಡದಿರಲಿ ಎಂದು ಹನೂರಿನ ಬಸ್ ನಿಲ್ದಾಣದ ಹತ್ತಿರ ಲ್ಯಾಮಿನೇಷನ್ ಮಾಡಿಸಿದೆ. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದದ್ದನ್ನು ಕೈಯಲ್ಲಿ ಹಿಡಿದು ಇವಳಿಂದ ಪರೀಕ್ಷೆ ಬರೆಸಿಯೇ ತೀರುತ್ತೇನೆ ಅಂದುಕೊಂಡೆ. ಆ ವಾಸನೆಯಲ್ಲಿ ಆಗ ನನಗೆ ಕಂಡದ್ದು ಸುಖ.

ಮೊದಲ ಪರೀಕ್ಷೆಯ ದಿನ ಬೆಳಕು ಹರಿಯುತ್ತಿದ್ದಂತೆ ಬೈಕಿನಲ್ಲಿ ದೊಡ್ಡಿಗೆ ಹೋದೆ, ಅವಳನ್ನು ನಾನೇ ಕರೆತರುವುದೆಂದು. ಅಂಗಳದಲ್ಲಿ ಒರಳುಕಲ್ಲಿನ ಸುತ್ತ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಮಾದೇಶ ತಲೆ ಎತ್ತಲಿಲ್ಲ.

‘ಕೂಸು ಇಲ್ಲ ಸಾ. ಅವ್ಳ ಮಾವ್ನ್ ಮನಗ ಬುಟ್ಬಂದಿವ್ನಿ, ಪಾಲಾರ್‌ಗ. ಇಲ್ಲಿ ದಿನಾ ಜನ. ಮೈಲ್ಗೆ, ಮಡಿ ಅಂತವ ಅವ್ಳ ಪ್ರಾಣ ತಿಂತಿದ್ರು. ಅಲ್ಲಾದ್ರೂ ಆರಾಮಾಗಿರ್ತದೆ.’

‘ಪರೀಕ್ಷೆ ಮಾದೇಶಣ್ಣ, ಇವತ್ತು ಪರೀಕ್ಷೆ.’

‘ಗೊತ್ತು ಸಾ. ಅವ್ಳೂ ಅದ್ನೇ ಅಂದ್ಲು.’

ಈಗ ಪರೀಕ್ಷಾ ಕೊಠಡಿಗಳಿಗೂ ಕ್ಯಾಮೆರಾ ಬಂದಿವೆ. ಎಲ್ಲೋ ಒಂದು ಕಚೇರಿಯಲ್ಲಿ ಯಾರೋ ಕೂತು ಮಕ್ಕಳು ಕಾಪಿ ಹೊಡೆಯುತ್ತಾರಾ ಎಂದು ನೋಡುತ್ತಿರುತ್ತಾರೆ. ಕಳ್ಳರನ್ನು ಹಿಡಿಯುವುದಕ್ಕೆಂದೇ ಇಟ್ಟದ್ದು. ಆ ಕ್ಯಾಮೆರಾದಲ್ಲಿ ಆ ದಿನ ಒಂದು ಖಾಲಿ ಬೆಂಚು ಕಂಡಿರುತ್ತದೆ. ಕಳ್ಳ ಯಾರೆಂದು ಕಂಡಿರಲಾರದು.

ಮೇ ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಯಳಂದೂರಿನ ಕಡೆ ಬಂದೆ. ಅಂಕಣ ನಿಲ್ಲಿಸಿದೆ. ಕಾರಣ ಕೇಳಿದ ಸಂಪಾದಕರಿಗೆ ಸಮಯವಿಲ್ಲ ಅಂದೆ, ಅಲ್ಲೂ ಸುಳ್ಳು. ಲ್ಯಾಮಿನೇಷನ್ ಮಾಡಿಸಿದ ಹಾಲ್ ಟಿಕೆಟ್ಟು ನನ್ನ ಬ್ಯಾಗಿನ ಒಳಜೇಬಿನಲ್ಲೇ ಉಳಿಯಿತು.

ಕಳೆದ ತಿಂಗಳು ಬೆಟ್ಟದ ಆ ಅಂಗಡಿಯ ಮುಂದೆ ಇದೆಲ್ಲ ಮತ್ತೊಮ್ಮೆ ತಲೆಯಲ್ಲಿ ಓಡಿತು. ಕಾಲು ಕಿತ್ತು ಹೋಗಿಬಿಡೋಣ ಅನ್ನಿಸಿತು. ಯಂತ್ರದ ಮುಂದೆ ಬೆನ್ನು ಹಾಕಿ ಕೂತಿದ್ದವಳು ಬಿಸಿಹಾಳೆ ಹಿಡಿದು ಈ ಕಡೆ ತಿರುಗಿದಳು.

‘ಏನ್ ಬೇಕಿತ್ತು?’ ಅಂದವಳು ನನ್ನ ಮುಖ ನೋಡಿದಳು. ನಂಜಮಣಿ. ಜಡೆ ಈಗ ಒಂದೇ. ಮುಖ ತುಂಬಿಕೊಂಡಿತ್ತು. ‘ಚೆಂದಾಗಿದ್ದೀರಾ ಸಾ?’ ಅಂದಳು, ಯಾವ ಗಿರಾಕಿಯನ್ನಾದರೂ ಕೇಳುವ ಹಾಗೆ.

‘ಇಲ್ಲೇ ಇದ್ದೀಯಾ?’

‘ಮಾವ್ನ್ ಅಂಗ್ಡಿ ಸಾ. ಕಂಪ್ಯೂಟ್ರು, ಪ್ರಿಂಟು ಎಲ್ಲಾ ನಾನೇ ನೋಡ್ಕಳದು.’ ಒಬ್ಬ ಯಾತ್ರಿಕನ ಪಟ ಅವಳ ಕೈಯಲ್ಲಿತ್ತು, ಅವನು ಹುಲಿಯ ಪಕ್ಕದಲ್ಲಿ ಕೈಮುಗಿದು ನಿಂತಿದ್ದ. ಜನ ತಮ್ಮ ಫೋಟೊ ತರುತ್ತಾರೆ, ಇವಳು ಅದನ್ನು ಹುಲಿಯ ಪಕ್ಕ ಸೇರಿಸಿಕೊಡುತ್ತಾಳೆ. ನಾಜೂಕಾಗಿ ಮಾಡಿದ್ದಳು. ನೆರಳು ಕೂಡ ಸರಿಯಾಗಿ ಬಿದ್ದಿತ್ತು. ಬೆಳಕಿನ ಪಾಠ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.

ತಲೆ ತಗ್ಗಿಸಿದರೆ ಕಣ್ಣೀರು ಬರುತ್ತದೆಂದು ತಲೆ ಎತ್ತಿ ಬಾಗಿಲಿನ ಪಟವನ್ನೇ ನೋಡಿದೆ. ಆಗ ಕಂಡಿತು. ನೀರಂಚಿನ ಎರಡು ಕಲ್ಲುಕಂಬಗಳು ಬಲಗಡೆ ಇದ್ದವು.

‘ತೂಬು...’ ಅಂದೆ.

‘ಊಂ ಸಾ. ತಪ್ಪಾಗಿತ್ತಲ್ಲ, ಸರಿ ಮಾಡ್ದೆ. ಎಡುಕ್ಕಿದ್ರ ನಂಗ ನೋಡಕ್ಕೇ ಆಯ್ತಿರ್ನಿಲ್ಲ. ಅದ್ರ ಜಾಗುಕ್ಕ ತಂದ್ ನಿಲ್ಸಿವ್ನಿ.’ ಪಟದ ಗಾಜನ್ನು ಬಟ್ಟೆಯಲ್ಲಿ ಒರೆಸಿದಳು. ‘ಈಗ ಯಾರೂ ಕಂಡಿಡಿಯಕ್ಕಾಗಲ್ಲ.’

ನಾನು ಹುಡುಕಿದೆ. ಮರದ ಕೊಂಬೆ, ನೀರಿನ ಅಲೆ, ಏರಿಯ ಕಲ್ಲು, ಒಂದೊಂದನ್ನೂ ಹುಡುಕಿದೆ. ತಪ್ಪು ಸಿಗಲಿಲ್ಲ. ಬ್ಯಾಗಿನ ಒಳಜೇಬಿನಿಂದ ಹಾಲ್ ಟಿಕೆಟ್ಟು ತೆಗೆದು ಗಾಜಿನ ಮೇಜಿನ ಮೇಲಿಟ್ಟೆ. ಅವಳು ತನ್ನ ಎರಡು ಜಡೆಯ ಫೋಟೊವನ್ನು ಸ್ವಲ್ಪ ಹೊತ್ತು ನೋಡಿದಳು. ಮುಟ್ಟಲಿಲ್ಲ.

‘ನಂಜಮಣಿ, ಈಗಲೂ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು. ನಾನೇ ಅರ್ಜಿ ತುಂಬ್ತೀನಿ, ನಾನೇ ಪಾಠ ಹೇಳ್ತೀನಿ. ಆ ಚಿತ್ರ ಮಾಡಿದವನು ನಾನು ಅಂತ ಎಲ್ಲರಿಗೂ ಹೇಳ್ತೀನಿ, ಪೇಪರಿನಲ್ಲಿ ಬರೀತೀನಿ.’

‘ಯಾರ್ಗ ಯೋಳೀರಿ ಸಾ ಈಗ?’ ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಅವತ್ತು ಕ್ಲಾಸಲ್ಲಿ ನಾನ್ ಎದ್ ನಿಂತಿದ್ನಲ್ಲ, ಅವತ್ತು ಯೋಳ್ಬೇಕಿತ್ತು.’

ಹಿಂದೆ ಗಿರಾಕಿಗಳು ಸೇರಿದ್ದರು. ಅವಳು ಹಾಲ್ ಟಿಕೆಟ್ಟನ್ನು ಬೆರಳ ತುದಿಯಿಂದ ನನ್ನ ಕಡೆಗೆ ಸರಿಸಿ, ನನ್ನ ಹೆಗಲ ಮೇಲಿಂದ ಹಿಂದಿನವನನ್ನು ನೋಡಿ, ‘ನಿಮ್ದು ಕೊಡಿ ಅಣ್ಣ’ ಅಂದಳು.